ಚಪ್ಪಟೆ ನೆರಿಗೆ ಮತ್ತು ಗೇಜಿಂಗ್ ನೆರಿಗೆ: 1840ರ ದಶಕದ ಮದುವೆ ಗೌನಿಗೆ ಯಾವುದು?

1840ರ ಫೆಬ್ರುವರಿ 10ರಂದು ವಿಕ್ಟೋರಿಯಾ ರಾಣಿಯು ತನ್ನ ಮದುವೆಗೆ ತೊಟ್ಟಿದ್ದ ಗೌನು ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ನೇಯ್ದ ರೇಷ್ಮೆ ಸ್ಯಾಟಿನ್‌ನದು. ಅದರ ಹಾನಿಟನ್ ಲೇಸನ್ನು ಡೆವನ್ನಿನ ಹೆಂಗಸರು ಕೈಯಲ್ಲೇ ಹೆಣೆದಿದ್ದರು. ಹೊಲಿಗೆ ಯಂತ್ರ ಮನೆಗಳಿಗೆ ಬರುವ ಮುಂಚಿನ ಆ ದಶಕದ ಮದುವೆ ಗೌನೊಂದನ್ನು ಕೈಹೊಲಿಗೆಯಲ್ಲೇ ಮರುಸೃಷ್ಟಿಸಲು ಹೊರಟ ನನ್ನನ್ನು ಹೆಚ್ಚು ಕಾಡಿದ್ದು ಲೇಸಲ್ಲ, ಸೊಂಟ. ಮೂರೂವರೆ ಮೀಟರ್ ಸುತ್ತಳತೆಯ ಲಂಗವನ್ನು 70 ಸೆಂಟಿಮೀಟರ್ ಸೊಂಟಕ್ಕೆ ಕೂಡಿಸುವ ಎರಡು ವಿಧಾನಗಳನ್ನೂ, ಅಂದರೆ ಬಟ್ಟೆಯನ್ನು ಮಡಚಿ ಒಂದರ ಮೇಲೊಂದು ಕೂರಿಸುವ ಚಪ್ಪಟೆ ನೆರಿಗೆ ಮತ್ತು ದಾರ ಎಳೆದು ಸಣ್ಣ ಮಡಿಕೆಗಳನ್ನು ನಿಲ್ಲಿಸುವ ಗೇಜಿಂಗ್ ನೆರಿಗೆ ಇವೆರಡನ್ನೂ, ನನ್ನ ಗೌನಿನ ಸ್ಯಾಟಿನ್‌ನ ತುಂಡುಗಳ ಮೇಲೆ ಪರೀಕ್ಷಿಸಿ ನೋಡಿದೆ.

ಚಪ್ಪಟೆ ನೆರಿಗೆ ಒಂದೇ ಸಂಜೆಯಲ್ಲಿ ಮುಗಿಯಿತು. ಆದರೆ ಐದು ಪಟ್ಟು ಬಟ್ಟೆ ಸೊಂಟದಲ್ಲಿ ಐದು ಪದರವಾಗಿ ಕೂರುವುದರಿಂದ ಅಂಚು ದಪ್ಪವಾಯಿತು, ಸೂಜಿ ತೂರಿಸಲು ಬೆರಳುಗಳು ಸೋತವು, ಲಂಗವೂ ಮೈಗಂಟಿ ನೇರವಾಗಿ ಇಳಿಯಿತು. ಟಫೆಟಾ ಎಂಬ ತೆಳುವಾದ ರೇಷ್ಮೆ ಬಟ್ಟೆಗೆ ಈ ವಿಧಾನ ಸಾಕಾಗಬಹುದು.

ಗೇಜಿಂಗ್ ನೆರಿಗೆಗೆ ಮೊದಲು ಲಂಗದ ಮೇಲಂಚನ್ನು ಒಳಕ್ಕೆ ಮಡಚಿ, 6 ಮಿಲಿಮೀಟರ್ ಅಳತೆಯ ಟಾಕುಗಳನ್ನು ಒಂದರ ಕೆಳಗೆ ಒಂದು ನೇರ ಬರುವಂತೆ ಸಾಲುಸಾಲಾಗಿ ಹಾಕಿ, ಎಲ್ಲ ದಾರಗಳನ್ನೂ ಒಟ್ಟಿಗೆ ಎಳೆಯಬೇಕು. ಎಳೆದಾಗ ಸುಮಾರು 290 ಸಣ್ಣ ಮಡಿಕೆಗಳು ಪುಸ್ತಕದ ಹಾಳೆಗಳಂತೆ ನಿಂತವು. ಎರಡೇ ಸಾಲು ಹಾಕಿದ ತುಂಡಿನಲ್ಲಿ ಮಡಿಕೆಗಳು ಪಕ್ಕಕ್ಕೆ ವಾಲಿದವು. ಮೂರನೆಯ ಸಾಲು ಹಾಕಿದ ಮೇಲೆ ಅವು ನೆಟ್ಟಗಾದವು. ಪ್ರತಿ ಮಡಿಕೆಯ ತುದಿಯನ್ನೂ ಎರಡೆರಡು ಹೊಲಿಗೆಯಿಂದ ರವಿಕೆಯ ಅಂಚಿಗೆ ಕಟ್ಟಿದರೆ ಲಂಗ ಬಾಗಿಲಿನ ತಿರುಗಣೆಯಂತೆ ಸಡಿಲವಾಗಿ ತಿರುಗುತ್ತದೆ, ಸೊಂಟದ ಕೆಳಗೇ ಹೊರಕ್ಕೆ ಉಬ್ಬಿ ಗುಮ್ಮಟದ ಆಕಾರ ತಾಳುತ್ತದೆ. ಆ ಕಾಲದ ಗೌನಿನಲ್ಲಿ ನಾನು ಬಯಸಿದ್ದು ಇದೇ ಉಬ್ಬು. ಇದಕ್ಕೆ ನಾಲ್ಕು ಸಂಜೆಗಳು ಹಿಡಿದರೂ ಕೊಟ್ಟ ಸಮಯದ ಬಗ್ಗೆ ನನಗೆ ಬೇಸರವಿಲ್ಲ.

ದಾರದ ಆಯ್ಕೆಯಲ್ಲಿ ಸಂಶಯಕ್ಕೆ ಎಡೆಯಿರಲಿಲ್ಲ. ಪಾಲಿಯೆಸ್ಟರ್ ದಾರವನ್ನು ಜಗ್ಗಿದಾಗ ದಾರದ ಬದಲು ಸ್ಯಾಟಿನ್ನೇ ಹರಿಯಿತು. ಜೇನುಮೇಣ ಸವರಿದ ಹತ್ತಿ ದಾರ ಅಂಚು ಕಟ್ಟಲು ಗಟ್ಟಿಯಾಗಿದ್ದರೂ ಎಳೆಯುವಾಗ ಅಲ್ಲಲ್ಲಿ ಸಿಕ್ಕಿಕೊಂಡಿತು. ಆದ್ದರಿಂದ ನೆರಿಗೆಯ ಸಾಲುಗಳಿಗೆ ನುಣ್ಣಗೆ ಜಾರುವ ರೇಷ್ಮೆ ದಾರವನ್ನೂ, ಅಂಚು ಕಟ್ಟುವುದಕ್ಕೆ ಮೇಣದ ಹತ್ತಿ ದಾರವನ್ನೂ ಬಳಸಿದೆ. ಸ್ಯಾಟಿನ್‌ನಲ್ಲಿ ಸೂಜಿಯ ತೂತು ಅಳಿಸಿಹೋಗದ ಕಾರಣ, ಟಾಕುಗಳ ಸ್ಥಾನಗಳನ್ನು ಬಟ್ಟೆಯ ಒಳಮೈಯಲ್ಲಿ ಮೊದಲೇ ಗುರುತು ಹಾಕಿಕೊಂಡೆ. ನೆರಿಗೆ ಕಟ್ಟಿದ ನಂತರವೂ ಆ ಮೂರು ಸಾಲು ರೇಷ್ಮೆ ದಾರವನ್ನು ಬಿಚ್ಚದೆ ಒಳಗೇ ಉಳಿಸಿದ್ದೇನೆ.