ಚಿಪ್ ಹೆಸರು ನೋಡಿ ಡ್ಯಾಕ್ ತಗೋಬೇಡಿ

‘ಇಎಸ್9038ಕ್ಯೂ2ಎಂ, 129 ಡೆಸಿಬೆಲ್’ ಎಂದು ದಪ್ಪಕ್ಷರದಲ್ಲಿ ಬರೆದು ಆನ್‌ಲೈನಿನಲ್ಲಿ ಮಾರುವ ಅಗ್ಗದ ಡ್ಯಾಕ್ (ಕಂಪ್ಯೂಟರಿನ ಡಿಜಿಟಲ್ ಹಾಡನ್ನು ಅನಲಾಗ್ ಸಿಗ್ನಲ್ ಮಾಡಿ ಆಂಪ್ಲಿಫೈಯರಿಗೆ ಕೊಡುವ ಸಾಧನ) ಬೋರ್ಡುಗಳ ಬಗ್ಗೆ ಈ ಮಾತು. ಚಿಪ್ ಅಸಲಿಯೇ ಇರಬಹುದು. ಆದರೆ 129 ಎನ್ನುವುದು, ಅಂದರೆ ಪೂರ್ತಿ ಸಿಗ್ನಲ್ಲಿಗೂ ನಾಯ್ಸಿಗೂ (ಬೇಡದ ಸದ್ದಿಗೂ) ಇರುವ ಅಂತರ, ಚಿಪ್ಪಿನ ಡೇಟಾಶೀಟಿನ ಅಂಕಿ, ಬೋರ್ಡಿನದ್ದಲ್ಲ. ಲೈನ್ ಔಟಿನ (ಆಂಪ್ಲಿಫೈಯರಿಗೆ ಹೋಗುವ ಔಟ್‌ಪುಟ್ಟಿನ) 2 ವೋಲ್ಟಿಗೆ 129 ಡೆಸಿಬೆಲ್ ಕೆಳಗೆ ಅಂದರೆ ಸುಮಾರು 0.7 ಮೈಕ್ರೋವೋಲ್ಟ್. ಸಿಗ್ನಲ್ ದಾರಿಯಲ್ಲಿ ಕೂತ ಒಂದೇ ಒಂದು 10 ಕಿಲೋಓಮ್ ರೆಸಿಸ್ಟರ್, ಏನೂ ಮಾಡದೆಯೂ, 20 ಕಿಲೋಹರ್ಟ್ಸ್ ವ್ಯಾಪ್ತಿಯಲ್ಲಿ 1.8 ಮೈಕ್ರೋವೋಲ್ಟ್ ನಾಯ್ಸ್ ಹುಟ್ಟಿಸುತ್ತದೆ. ಅಲ್ಲಿಗೆ ಜಾಹೀರಾತು ಮುಗಿಯಿತು.

ಬಿಚ್ಚಿ ನೋಡಿದ ಇಂಥದೊಂದು ಬೋರ್ಡಿನಲ್ಲಿ ಔಟ್‌ಪುಟ್ಟಿಗೆ ಇದ್ದದ್ದು ಎನ್ಇ5532 ಎಂಬ ಆಪ್‌ಆಂಪ್ (ಸಿಗ್ನಲ್ ಹಿಗ್ಗಿಸುವ ಚಿಪ್), ಅದಕ್ಕೆ ಪವರ್ ನೇರ ಯುಎಸ್‌ಬಿಯ 5 ವೋಲ್ಟಿನಿಂದ. ಆ ಆಪ್‌ಆಂಪ್ ಕೇಳುವುದು ಕನಿಷ್ಠ ಪ್ಲಸ್ 5, ಮೈನಸ್ 5. ಲೈನ್ ಔಟಿನ 2 ವೋಲ್ಟ್ ಆರ್‌ಎಂಎಸ್ ಎಂದರೆ ತುದಿಯಿಂದ ತುದಿಗೆ 5.66 ವೋಲ್ಟ್, 5 ವೋಲ್ಟಿನೊಳಗೆ ಅದು ಹಿಡಿಸುವುದಾದರೂ ಹೇಗೆ? ಮೆಲುದನಿಯ ಹಾಡು ಚೆನ್ನಾಗಿಯೇ ಕೇಳುತ್ತದೆ, ಮೃದಂಗದ ಪೆಟ್ಟು ಬಿದ್ದಾಗ ಒಡೆಯುತ್ತದೆ. ಜನ ಸ್ಪೀಕರನ್ನು ಬೈಯುತ್ತಾರೆ.

ಇದನ್ನು ಹಿಡಿಯಲು ಮಲ್ಟಿಮೀಟರ್ ಸಾಕು. ಆಡಾಸಿಟಿ ಎಂಬ ಉಚಿತ ಆಡಿಯೋ ಸಾಫ್ಟ್‌ವೇರಿನಲ್ಲಿ 100 ಹರ್ಟ್ಸ್ ಸೈನ್ ಟೋನ್ ಎರಡು ಮಾಡಿಕೊಳ್ಳಿ, ಒಂದರ ಆಂಪ್ಲಿಟ್ಯೂಡ್ 0.5, ಇನ್ನೊಂದರದು 1. (1 ಕಿಲೋಹರ್ಟ್ಸ್ ಬೇಡ, ಅಗ್ಗದ ಮೀಟರುಗಳು ಅಲ್ಲಿ ತಪ್ಪು ತೋರಿಸಬಹುದು.) ಕಂಪ್ಯೂಟರಿನ ವಾಲ್ಯೂಮ್ ಪೂರ್ತಿ ಇಟ್ಟು ಆರ್‌ಸಿಎ ಸಾಕೆಟ್ಟಿನಲ್ಲಿ ಎಸಿ ವೋಲ್ಟ್ ಅಳೆಯಿರಿ. ಎರಡನೆಯದು ಮೊದಲನೆಯದರ ಸರಿಯಾಗಿ ಎರಡರಷ್ಟಿರಬೇಕು. 0.9 ಇದ್ದದ್ದು 1.8 ಆಗದೆ 1.2ಕ್ಕೇ ನಿಂತರೆ ಬೋರ್ಡು ಅಲೆಯ ತಲೆ ಕತ್ತರಿಸುತ್ತಿದೆ ಎಂದರ್ಥ. ಆಮೇಲೆ ಟೋನ್ ನಿಲ್ಲಿಸಿ ಡಿಸಿ ಮಿಲಿವೋಲ್ಟ್ ನೋಡಿ. 50 ಮಿಲಿವೋಲ್ಟ್ ಕಂಡರೆ ಆಂಪ್ಲಿಫೈಯರಿಗೆ ಜೋಡಿಸಲೇಬೇಡಿ. ಇನ್‌ಪುಟ್ಟಿನಲ್ಲಿ ಡಿಸಿ ತಡೆಯುವ ಕೆಪಾಸಿಟರ್ ಇಲ್ಲದ, ಡಿಸಿಯನ್ನೂ 20 ಪಟ್ಟು ಹಿಗ್ಗಿಸುವ ಆಂಪ್ ಆದರೆ ಸ್ಪೀಕರ್ ಕಾಯಿಲಿನ ಮೇಲೆ ಸದಾ 1 ವೋಲ್ಟ್ ಕೂತಿರುತ್ತದೆ.

‘ಆಪ್‌ಆಂಪ್ ಬದಲಿಸಿಕೊಳ್ಳಿ, ಸಾಕೆಟ್ ಇದೆ’ ಅನ್ನುವುದು ಇನ್ನೊಂದು ಬಲೆ. ಪವರ್ ಪಿನ್ನಿಗೆ ಅಂಟಿದಂತೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಲ್ಲದ ಬೋರ್ಡಿನಲ್ಲಿ ಎಲ್ಎಂ4562ನಂಥ ವೇಗದ ಆಪ್‌ಆಂಪ್ ಹಾಕಿದರೆ ಅದು ಆಸಿಲೇಟ್ ಆಗಬಹುದು, ಅಂದರೆ ಇನ್‌ಪುಟ್ ಇಲ್ಲದೆಯೂ ತಾನೇ ಸಿಗ್ನಲ್ ಹುಟ್ಟಿಸಬಹುದು. ಅದು ಕಿವಿಗೆ ಕೇಳುವುದಿಲ್ಲ, ಆದರೆ ಚಿಪ್ಪಿನ ಮೇಲೆ ಬೆರಳಿಟ್ಟರೆ ಸುಡುತ್ತದೆ. ಪವರ್ ಕೊರತೆಯಂತೂ ಇದರಿಂದ ನೀಗುವುದೇ ಇಲ್ಲ.

ಕೊಳ್ಳುವುದಾದರೆ ಫೋಟೋ ಹಿಗ್ಗಿಸಿ ನೋಡಿ: 12-0-12 ಅಥವಾ 15-0-15 ಎಸಿ ಇನ್‌ಪುಟ್ (ಆಪ್‌ಆಂಪಿಗೆ ಬೇಕಾದ ಪ್ಲಸ್, ಮೈನಸ್ ಎರಡೂ ಸಿಗುವುದು ಇದರಿಂದ; ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಈ ಟ್ರಾನ್ಸ್‌ಫಾರ್ಮರ್ ಯಾರನ್ನು ಕೇಳಿದರೂ ಕೊಡುತ್ತಾರೆ), ಚಿಪ್ಪಿನ ಅನಲಾಗ್ 3.3 ವೋಲ್ಟಿಗೆ ಬೇರೆಯದೇ ರೆಗ್ಯುಲೇಟರ್, ಫಿಲ್ಟರಿನಲ್ಲಿ ಫಿಲ್ಮ್ ಅಥವಾ ಸಿ0ಜಿ ಬಗೆಯ ಸೆರಾಮಿಕ್ ಕೆಪಾಸಿಟರ್. ಸ್ಕೀಮ್ಯಾಟಿಕ್ (ಸರ್ಕ್ಯೂಟಿನ ನಕ್ಷೆ) ಕೇಳಿದರೆ ಕೊಡದ ಅಂಗಡಿ ಬಿಟ್ಟುಬಿಡಿ. ಮೇಲಿನ ಎರಡೂ ಅಳತೆ ರಿಟರ್ನ್ ಅವಧಿಯೊಳಗೇ ಆಗಲಿ, ಸೋಲ್ಡರಿಂಗ್ ಐರನ್ ಮುಟ್ಟಿಸುವ ಮೊದಲೇ. ಬೆಸುಗೆಯ ಗುರುತು ಕಂಡರೆ ವಾಪಸ್ ತಗೊಳ್ಳುವುದಿಲ್ಲ.