ಹಸಿರು ಪಟಾಕಿ ಮಿಕ್ಸ್ ಬಾಕ್ಸ್: ಹೂಕುಂಡಕ್ಕೆ ಹೂಂ, ಬಾಂಬಿಗೆ ಬೇಡ

ದೀಪಾವಳಿ ಹತ್ತಿರ ಬಂತೆಂದರೆ ಅತ್ತಿಬೆಲೆ, ಹೊಸೂರು ಕಡೆಯ ಅಂಗಡಿಗಳಲ್ಲಿ ಶಿವಕಾಶಿಯ ಮಿಕ್ಸ್ ಬಾಕ್ಸ್‌ಗಳು ಸೂರು ಮುಟ್ಟುತ್ತವೆ. ಸುರುಸುರು ಬತ್ತಿ, ಹೂಕುಂಡ, ಭೂಚಕ್ರ, ಪೆನ್ಸಿಲ್, ಲಕ್ಷ್ಮಿ ಪಟಾಕಿ, ಒಂದೆರಡು ಆಟಂ ಬಾಂಬ್ ಎಲ್ಲ ಒಂದೇ ಪೆಟ್ಟಿಗೆಯಲ್ಲಿ. ಮೇಲೆ ಹಸಿರು ಲೋಗೋ ಇರುವುದರಿಂದ ಮಕ್ಕಳ ಕೈಗೆ ಧೈರ್ಯವಾಗಿ ಕೊಡಬಹುದು ಎಂದು ತುಂಬಾ ಜನ ನಂಬಿದ್ದಾರೆ. ಆ ಲೋಗೋ ಹೊಗೆಯ ಬಗ್ಗೆ ಹೇಳುತ್ತದೆ, ಬೆರಳಿನ ಬಗ್ಗೆ ಹೇಳುವುದಿಲ್ಲ. ಪೆಟ್ಟಿಗೆಯ ಮುಕ್ಕಾಲು ಪಾಲು ಸಾಮಾನು ಕೊಟ್ಟ ಹಣಕ್ಕೆ ಮೋಸವಿಲ್ಲ. ಉಳಿದ ಕಾಲು ಪಾಲು, ಅಂದರೆ ಸದ್ದಿನ ಪಟಾಕಿ, ಮನೆಗೆ ತರುವಂಥದ್ದಲ್ಲ.

ಮೊದಲು ಲೋಗೋ ನೋಡೋಣ. ನಾಗಪುರದ ಪರಿಸರ ಸಂಶೋಧನಾ ಸಂಸ್ಥೆ ನೀರಿ ರೂಪಿಸಿದ ಸ್ವಾಸ್, ಸ್ಟಾರ್, ಸಫಲ್ ಎಂಬ ಮೂರು ಬಗೆಯ ಮದ್ದುಗಳೇ ಹಸಿರು ಪಟಾಕಿಯ ಮೂಲ. ಸ್ವಾಸ್ ಉರಿಯುವಾಗ ನೀರಾವಿ ಬಿಟ್ಟು ದೂಳನ್ನು ತಗ್ಗಿಸುತ್ತದೆ. ಸಫಲ್‌ನಲ್ಲಿ ಅಲ್ಯೂಮಿನಿಯಂ ಕಡಿಮೆ ಮಾಡಿದ್ದಾರೆ, ಪೂರ್ತಿ ತೆಗೆದಿಲ್ಲ. ದೂಳಿನ ಕಣ ಸುಮಾರು 30% ಕಡಿಮೆ ಎನ್ನುವುದು ಇವುಗಳ ಗುರಿ. ಅಂದರೆ 70% ಹಾಗೇ ಇದೆ. ಹಸಿರೆಂದು ಎರಡು ಪೆಟ್ಟಿಗೆ ಹೊಡೆದರೆ ಹಳೆಯ ಒಂದು ಪೆಟ್ಟಿಗೆಗಿಂತ ಹೆಚ್ಚೇ ಹೊಗೆ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಬರುವ ತಯಾರಕರ ಹೆಸರು ಪೆಟ್ಟಿಗೆಯ ಹೆಸರಿಗೆ ತಾಳೆಯಾಗುತ್ತದೆಯೇ ನೋಡಿ. ಬರೀ ಲೋಗೋ ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಹಸಿರು ಬೆಳಕು ಕೊಡುವ ಬೇರಿಯಂ ಲವಣಗಳನ್ನು ಸುಪ್ರೀಂ ಕೋರ್ಟ್ 2018ರಲ್ಲೇ ನಿಷೇಧಿಸಿದೆ. ಹಾಗಾಗಿ ಭೂಚಕ್ರದಿಂದ ಕಣ್ಣು ಕುಕ್ಕುವ ಕಡುಹಸಿರು ಬೆಳಕು ಬಂದರೆ ಅನುಮಾನ ಪಡಿ.

ಸುರುಸುರು ಬತ್ತಿ, ಹೂಕುಂಡ ಚೆನ್ನಾಗಿವೆ. ಹೂಕುಂಡವನ್ನು ಸಮತಟ್ಟಾದ ನೆಲದಲ್ಲಿಟ್ಟು, ಉದ್ದನೆಯ ಊದುಬತ್ತಿಯಿಂದ ಪಕ್ಕದಲ್ಲಿ ನಿಂತು ಹಚ್ಚಬೇಕು, ಮೇಲೆ ಬಗ್ಗಬಾರದು. ಅಪರೂಪಕ್ಕೆ ಒಂದು ಮೇಲಕ್ಕೆ ಚಿಮ್ಮುವ ಬದಲು ಒಡೆಯುತ್ತದೆ. ಒಳಗಿನ ಮದ್ದು ಬಿರುಕು ಬಿಟ್ಟಿದ್ದರೆ ಬೆಂಕಿ ಆ ಬಿರುಕಿಗೆ ನುಗ್ಗಿ ಎಲ್ಲ ಒಟ್ಟಿಗೇ ಹೊತ್ತಿಕೊಳ್ಳುವುದೇ ಕಾರಣ. ಕೆಳಗೆ ಬಿದ್ದ, ನಜ್ಜುಗುಜ್ಜಾದ ಕುಂಡ ಹಚ್ಚಲೇಬೇಡಿ. ಸುರುಸುರು ಬತ್ತಿ ಆರಿದ ಮೇಲೂ ತಂತಿ ಚರ್ಮ ಸುಡುವಷ್ಟು ಬಿಸಿ ಇರುತ್ತದೆ. ನೆಲಕ್ಕೆಸೆದ ಅದನ್ನೇ ಬರಿಗಾಲಲ್ಲಿ ತುಳಿದು ಸುಟ್ಟುಕೊಳ್ಳುತ್ತಾರೆ. ಪಕ್ಕದಲ್ಲೇ ನೀರಿನ ಬಕೆಟ್ ಇಟ್ಟು, ಆರಿದ ತಂತಿ ನೆಲಕ್ಕಲ್ಲ, ಅದಕ್ಕೇ ಹೋಗಲಿ.

ಇನ್ನು ಬಾಂಬಿನ ವಿಷಯ. ಅದರ ಹೊಟ್ಟೆಯಲ್ಲಿರುವುದು ಫ್ಲಾಷ್ ಪೌಡರ್: ಹಿಟ್ಟಿನಷ್ಟು ನುಣುಪಾದ ಅಲ್ಯೂಮಿನಿಯಂ, ಜೊತೆಗೆ ಆಮ್ಲಜನಕ ಬಿಟ್ಟುಕೊಡುವ ಒಂದು ಲವಣ. ಸುರುಸುರು ಬತ್ತಿಯಲ್ಲೂ ಇದೇ ಜಾತಿಯ ಸಾಮಗ್ರಿ ಇದೆ. ಆದರೆ ಅಲ್ಲಿ ಅಂಟಿನಿಂದ ತಂತಿಗೆ ಗಟ್ಟಿಯಾಗಿ ಮೆತ್ತಿರುವುದರಿಂದ ಬೆಂಕಿ ಪದರ ಪದರವಾಗಿ ಇಳಿಯುತ್ತದೆ. ಬಾಂಬಿನಲ್ಲಿ ಅದು ಸಡಿಲ ಪುಡಿ. ಕಣಗಳ ನಡುವಿನ ಜಾಗದಲ್ಲಿ ಬೆಂಕಿ ಓಡಿ ಕಣ್ಣು ಮಿಟುಕಿಸುವ ಮೊದಲೇ ಇಡೀ ಪುಡಿ ಉರಿದುಹೋಗುತ್ತದೆ. ಅಲ್ಯೂಮಿನಿಯಂ ಆಮ್ಲಜನಕದ ಜೊತೆ ಸೇರುವಾಗ ಹೊಮ್ಮುವ ಶಾಖ ವಿಪರೀತ, ಜ್ವಾಲೆ 3,000 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಬಿಳಿ ಹೊಗೆಯಾಗಿ ಕಾಣುವುದು ಅಲ್ಯೂಮಿನಿಯಂ ಆಕ್ಸೈಡ್. ಮೇಲೆ ಬಿಗಿಯಾಗಿ ಸುತ್ತಿದ ಕಾಗದ ಮತ್ತು ಹುರಿ ಆ ಒತ್ತಡವನ್ನು ಒಂದು ಕ್ಷಣ ತಡೆದು ನಂತರ ಸೀಳುತ್ತದೆ. ಸದ್ದು ಅದೇ, ಬೆರಳು ಹಾರಿಸುವುದೂ ಅದೇ. ಹಸಿರು ಲೋಗೋ ಇದ್ದರೂ ಬೆರಳಿಗೆ ಈ ಅಪಾಯ ತಪ್ಪುವುದಿಲ್ಲ.

ಸದ್ದಿಗೂ ಲೆಕ್ಕವಿದೆ. 1999ರ ನಿಯಮದಂತೆ ಸಿಡಿಯುವ ಜಾಗದಿಂದ 4 ಮೀಟರ್ ದೂರದಲ್ಲಿ 125 ಡೆಸಿಬೆಲ್ ಮೀರಬಾರದು. ಹಚ್ಚಿದವರು ಓಡುವಾಗ ಎಡವಿ 1 ಮೀಟರ್ ಹತ್ತಿರದಲ್ಲೇ ಉಳಿದರೆ ಕಿವಿಗೆ ಬೀಳುವುದು ಇನ್ನೂ ಸುಮಾರು 12 ಡೆಸಿಬೆಲ್ ಹೆಚ್ಚು. ಕಾನೂನಿನೊಳಗಿನ ಪಟಾಕಿಯೇ ಕಿವಿ ಕೆಡಿಸಲು ಸಾಕು. ಸರಪಟಾಕಿಯನ್ನು 2018ರ ಆದೇಶವೇ ನಿಷೇಧಿಸಿದೆ, ಪೆಟ್ಟಿಗೆಯಲ್ಲಿ ಇದ್ದರೆ ಆ ಅಂಗಡಿಯವರ ಬೇರೆ ಮಾತನ್ನೂ ನಂಬಬೇಡಿ.

ಠುಸ್ ಆದ ಪಟಾಕಿಯಿಂದಲೂ ಅವಘಡ ಆಗುತ್ತದೆ. ಬತ್ತಿ ಮೇಲೆ ಆರಿದಂತೆ ಕಂಡರೂ ಒಳಗೆ ಕೆಂಡ ನಿಧಾನಕ್ಕೆ ಹೋಗುತ್ತಿರಬಹುದು. ಬಗ್ಗಿ ಊದುವವರ ಮುಖಕ್ಕೇ ಅದು ಸಿಡಿಯುತ್ತದೆ. ಅರ್ಧ ಗಂಟೆ ಯಾರೂ ಹತ್ತಿರ ಹೋಗಬಾರದು, ಆಮೇಲೆ ದೂರದಿಂದ ನೀರು ಸುರಿದು, ಬಕೆಟ್‌ನಲ್ಲಿ ರಾತ್ರಿಯಿಡೀ ನೆನೆಹಾಕಿ. ಬಕೆಟ್ ಮುಚ್ಚಬೇಡಿ, ಬಯಲಲ್ಲೇ ಇಡಿ. ಅಲ್ಯೂಮಿನಿಯಂ ಪುಡಿ ನೀರಿನಲ್ಲಿ ನಿಧಾನವಾಗಿ ಹೈಡ್ರೋಜನ್ ಬಿಡಬಲ್ಲದು.

ಮಳೆಗೆ ನೆಂದ ಪಟಾಕಿಯನ್ನು ಬಿಸಿಲಿಗೆ ಒಣಗಿಸುವುದು ನಮ್ಮ ಕಡೆ ಮಾಮೂಲು. ತೇವ ತಗಲಿದ ಅಲ್ಯೂಮಿನಿಯಂ ಮತ್ತು ನೈಟ್ರೇಟ್ (ಆಮ್ಲಜನಕ ಕೊಡುವ ಲವಣ) ಮಿಶ್ರಣ ತನ್ನಷ್ಟಕ್ಕೇ ಬಿಸಿಯೇರಬಹುದು, ಕೆಲವೊಮ್ಮೆ ಅಮೋನಿಯಾ ವಾಸನೆಯೂ ಬರುತ್ತದೆ. ಶಾಖ ಹೊರಹೋಗಲು ದಾರಿಯಿಲ್ಲದ ರಾಶಿಯಲ್ಲಿ ಅದು ಬೆಂಕಿಯಾಗಿ ಏಳಬಹುದು. ಒಣಗಿಸಬೇಡಿ, ಪೂರ್ತಿ ನೀರಲ್ಲಿ ಮುಳುಗಿಸಿ ಬಿಡಿ.

ಎಲ್ಲಕ್ಕಿಂತ ಕೆಟ್ಟದ್ದು, ಹುಡುಗರು ಠುಸ್ ಪಟಾಕಿಗಳನ್ನು ಬಿಚ್ಚಿ ಮದ್ದನ್ನು ಒಂದೆಡೆ ಸುರಿದು ದೊಡ್ಡದು ಮಾಡಲು ಹೋಗುವುದು. ಉಜ್ಜಿದರೆ, ತಟ್ಟಿದರೆ, ನೈಲಾನ್ ಬಟ್ಟೆಯ ಸ್ಥಿರ ವಿದ್ಯುತ್ತಿನ ಒಂದು ಕಿಡಿ ತಗುಲಿದರೂ ಅದು ಹೊತ್ತಿಕೊಳ್ಳುತ್ತದೆ. ಪ್ರಮಾಣ ಹೆಚ್ಚಾದಂತೆ ಕವಚವೇ ಇಲ್ಲದೆಯೂ ಸಿಡಿಯಬಲ್ಲದು. ಇದಕ್ಕೆ ಸುರಕ್ಷಿತ ವಿಧಾನ ಅಂತ ಒಂದಿಲ್ಲ. ಕಾರ್ಖಾನೆಗಳಲ್ಲೇ ಈ ಪುಡಿಯನ್ನು ಕೊಂಚ ಕೊಂಚವಾಗಿ, ಪ್ರತ್ಯೇಕ ಶೆಡ್‌ಗಳಲ್ಲಿ ಕಲಸುತ್ತಾರೆ. ಆದರೂ 2012ರ ಸೆಪ್ಟೆಂಬರ್ 5ರಂದು ಶಿವಕಾಶಿ ಬಳಿಯ ಮುದಲಿಪಟ್ಟಿಯ ಕಾರ್ಖಾನೆಯಲ್ಲಿ ಮೂವತ್ತಕ್ಕೂ ಹೆಚ್ಚು ಜನ ಸತ್ತರು.

ಎಲ್ಲಿ ಕೊಳ್ಳುತ್ತೀರಿ ಅನ್ನುವುದೂ ಮುಖ್ಯ. 2023ರ ಅಕ್ಟೋಬರ್ 7ರಂದು ಅತ್ತಿಬೆಲೆಯ ಗೋದಾಮಿಗೆ ಬೆಂಕಿ ಬಿದ್ದು ಹತ್ತಕ್ಕೂ ಹೆಚ್ಚು ಜನ ಜೀವ ಕಳೆದುಕೊಂಡರು. ಮೈದಾನದಲ್ಲಿ ತಾತ್ಕಾಲಿಕವಾಗಿ ಹಾಕುವ ಮಳಿಗೆಗಳ ನಡುವೆ ಕನಿಷ್ಠ 3 ಮೀಟರ್ ಅಂತರವಿರಬೇಕು, ಎದುರುಬದುರಾಗಿ ಇರಬಾರದು, ಶೆಡ್ ಬೆಂಕಿ ಹತ್ತದ ವಸ್ತುವಿನದ್ದಾಗಿರಬೇಕು. ಟಾರ್ಪಾಲ್ ಕಟ್ಟಿ, ಜೋತಾಡುವ ಬಲ್ಬಿನ ಕೆಳಗೆ ಪೆಟ್ಟಿಗೆ ಪೇರಿಸಿಟ್ಟ ಅಂಗಡಿಗೆ ಕಾಲಿಡಬೇಡಿ, ಎಷ್ಟೇ ಡಿಸ್ಕೌಂಟ್ ಕೊಟ್ಟರೂ. ಮಿಕ್ಸ್ ಬಾಕ್ಸ್ ಬದಲು ಬಿಡಿಯಾಗಿ ಸುರುಸುರು ಬತ್ತಿ, ಹೂಕುಂಡ, ಭೂಚಕ್ರ ಕೇಳಿ, ಬಹಳ ಕಡೆ ಕೊಡುತ್ತಾರೆ. ತಂದದ್ದನ್ನು ಅಡುಗೆಮನೆಯಲ್ಲೂ ಪೂಜೆಯ ದೀಪದ ಬಳಿಯೂ ಇಡಬೇಡಿ. ರೈಲಿನಲ್ಲಂತೂ ಒಯ್ಯಲೇಬೇಡಿ, ರೈಲ್ವೆ ಕಾಯ್ದೆಯ ಪ್ರಕಾರ 3 ವರ್ಷದವರೆಗೆ ಜೈಲು.

ಸುಟ್ಟ ಜಾಗವನ್ನು 20 ನಿಮಿಷ ಹರಿಯುವ ತಣ್ಣೀರಿಗೆ ಹಿಡಿಯಿರಿ. ಟೂತ್‌ಪೇಸ್ಟ್, ಅರಿಶಿನ ಯಾವುದೂ ಬೇಡ. ಕಣ್ಣಿಗೆ ಬರೀ ಪುಡಿ ಬಿದ್ದಿದ್ದರೆ ನೀರಿನಿಂದ ಚೆನ್ನಾಗಿ ತೊಳೆಯಿರಿ. ಚೂರು ಹೊಕ್ಕಿದ್ದರೆ, ರಕ್ತ ಬಂದರೆ ಉಜ್ಜಬೇಡಿ, ಒತ್ತಬೇಡಿ, ಕಾಗದದ ಲೋಟವನ್ನು ಕಣ್ಣಿನ ಸುತ್ತಲ ಮೂಳೆಗೆ ತಾಗುವಂತೆ ಮುಚ್ಚಿ ಹಿಡಿದು ಕಣ್ಣಿನ ಆಸ್ಪತ್ರೆಗೆ ಹೊರಡಿ. ಬೆಂಗಳೂರಿನಲ್ಲಾದರೆ ಕೆ.ಆರ್. ಮಾರುಕಟ್ಟೆ ಹತ್ತಿರದ ಮಿಂಟೋ ಆಸ್ಪತ್ರೆ.