ಬ್ರೆಂಟ್, ಮೈಕಲ್, ಲ್ಯಾರಿ: ಮೂವರಲ್ಲಿ ನಾನು ಲ್ಯಾರಿಯ ಕಡೆ

ಹೋದ ವರ್ಷ ಒಂದು ಆ್ಯಪ್‌ಗೆ ಇಡೀ ವರ್ಷದ ಚಂದಾ ಕಟ್ಟಿದೆ. ಕಾರಣ ಒಂದೇ, ಅಮೆರಿಕದ ಕಾಮಿಡಿ ಧಾರಾವಾಹಿ 'ದಿ ಆಫೀಸ್'. ನನ್ನ ಜೊತೆ ಕೆಲಸ ಮಾಡುವವರೆಲ್ಲ ಊಟದ ಹೊತ್ತಿನಲ್ಲಿ ಅದರದ್ದೇ ಮಾತಾಡುತ್ತಿದ್ದರು. ಏಳು ಸೀಸನ್‌ವರೆಗೆ ಕೊಟ್ಟ ದುಡ್ಡು ಸಾರ್ಥಕ ಅನ್ನಿಸಿತು. ಎಂಟು ಮತ್ತು ಒಂಬತ್ತು ಮುಗಿಸುವಷ್ಟರಲ್ಲಿ ಸಾಕಾಗಿಹೋಯಿತು. ಆಮೇಲೆ ಅದರ ಮೂಲವಾದ ಬ್ರಿಟನ್ನಿನ 'ದಿ ಆಫೀಸ್' ನೋಡಿದೆ. ಕೊನೆಗೆ 'ಕರ್ಬ್ ಯುವರ್ ಎಂಥೂಸಿಯಾಸಂ'. ಮೊದಲೇ ಹೇಳಿಬಿಡುತ್ತೇನೆ, ನನಗೆ ಇಷ್ಟವಾಗಿದ್ದು ಲ್ಯಾರಿ ಹೀರೋ ಆಗಿರುವ ಈ 'ಕರ್ಬ್'. ಅದರಲ್ಲೂ ಕೊರತೆಗಳಿವೆ, ಅವನ್ನೂ ಹೇಳುತ್ತೇನೆ. ಕಥೆಯ ತಿರುವುಗಳು ಬರುತ್ತವೆ, ಇನ್ನೂ ನೋಡದವರು ಗಮನಿಸಿ.

ಮೂರನ್ನೂ ನೋಡಿದ್ದು ಅಪ್ಪನ ಜೊತೆ. ಅಪ್ಪ 34 ವರ್ಷ ಬ್ಯಾಂಕಿನಲ್ಲಿದ್ದು ರಿಟೈರ್ ಆದವರು. ರಾತ್ರಿ ಊಟ ಆದ ಮೇಲೆ ಒಂದೇ ಒಂದು ಕಂತು, ಆಮೇಲೆ ಮಾತ್ರೆ, ನಿದ್ದೆ. ಎರಡನೇ ಕಂತು ಹಾಕುವ ಪದ್ಧತಿ ನಮ್ಮ ಮನೆಯಲ್ಲಿಲ್ಲ. ಶುರು ಮಾಡಿದ್ದನ್ನು ಅರ್ಧಕ್ಕೆ ಬಿಡುವ ಅಭ್ಯಾಸವೂ ಇಲ್ಲ. ನನ್ನ ತೀರ್ಮಾನಕ್ಕೆ ಇದೆಲ್ಲ ಮುಖ್ಯ.

ಈಗಿನ ಹುಡುಗರು 'ಕ್ರಿಂಜ್' ಅನ್ನುತ್ತಾರಲ್ಲ, ಈ ಮೂರೂ ಅದೇ ಜಾತಿಯ ಹಾಸ್ಯ. ತಪ್ಪು ಮಾಡುವವನು ಟಿವಿಯಲ್ಲಿರುತ್ತಾನೆ, ಕಿವಿ ಬಿಸಿಯಾಗುವುದು ನಮ್ಮದು. ರೆಕಾರ್ಡ್ ಮಾಡಿದ ನಗು ಯಾವುದರಲ್ಲೂ ಇಲ್ಲ. ಎಲ್ಲಿ ನಗಬೇಕು ಅಂತ ಯಾರೂ ಹೇಳಿಕೊಡುವುದಿಲ್ಲ. ಅಪ್ಪ ಇದಕ್ಕೆ 'ಇರಿಸುಮುರಿಸಿನ ಕಾಮಿಡಿ' ಅಂತ ಹೆಸರಿಟ್ಟರು. ನಮಗೆ ಅದೇ ರೂಢಿಯಾಯಿತು.

ಬ್ರಿಟನ್ನಿನದು ಚಿಕ್ಕದು. 2001ರಲ್ಲಿ ಬಿಬಿಸಿಯಲ್ಲಿ ಶುರುವಾಗಿ 2003ರ ಕ್ರಿಸ್‌ಮಸ್‌ಗೆ ಮುಗಿಯಿತು. ಆರಾರು ಕಂತುಗಳ ಎರಡು ಸೀಸನ್, ಕೊನೆಗೆ ಎರಡು ವಿಶೇಷ ಕಂತು. ಒಟ್ಟು 14. ಸ್ಲೌ ಎಂಬ ಊರಿನ ಪೇಪರ್ ಕಂಪನಿಯ ಮ್ಯಾನೇಜರ್ ಡೇವಿಡ್ ಬ್ರೆಂಟ್. ಆ ಪಾತ್ರ ಮಾಡಿದ್ದು ರಿಕಿ ಜರ್ವೇಸ್. ಸ್ಟೀಫನ್ ಮರ್ಚೆಂಟ್ ಜೊತೆ ಸೇರಿ ಬರೆದವರೂ ಅವರೇ. ಬ್ರೆಂಟ್‌ಗೆ ತಾನೊಬ್ಬ ದೊಡ್ಡ ಹಾಸ್ಯಗಾರ ಅನ್ನುವ ನಂಬಿಕೆ. ಕೈಕೆಳಗಿನವರು ನಗಲೇಬೇಕು. ಮೊದಲ ರಾತ್ರಿಯೇ ಅಪ್ಪ ಹೇಳಿದರು, "ಇಂಥ ಒಬ್ಬರ ಕೈಕೆಳಗೆ ನಾನು ಮೂರು ವರ್ಷ ಇದ್ದೆ ಕಣಮ್ಮಾ. ನಗದಿದ್ರೆ ರಜೆ ಸ್ಯಾಂಕ್ಷನ್ ಆಗ್ತಿರಲಿಲ್ಲ."

ಎರಡನೇ ಸೀಸನ್‌ನಲ್ಲಿ ಬೇರೆ ಬ್ರಾಂಚಿನವರು ಬಂದು ಸೇರಿಕೊಳ್ಳುತ್ತಾರೆ. ಹೊಸ ಬಾಸ್ ನೀಲ್ ಹೇಳುವ ಜೋಕಿಗೆ ಜನ ಮನಸಾರೆ ನಗುತ್ತಾರೆ. ಬ್ರೆಂಟ್‌ಗೆ ಅದನ್ನು ತಡೆದುಕೊಳ್ಳಲು ಆಗುವುದಿಲ್ಲ. ಅವನ ಆ ಕುಖ್ಯಾತ ಡ್ಯಾನ್ಸ್ ಬರುವುದು ಅಲ್ಲೇ. ಸೀಸನ್ ಮುಗಿಯುವ ಹೊತ್ತಿಗೆ ಅವನ ಕೆಲಸವೇ ಹೋಗುತ್ತದೆ. ಕೆಲಸದಿಂದ ತೆಗೆಯಬೇಡಿ ಅಂತ ಅವನು ಬೇಡಿಕೊಳ್ಳುವಾಗ ಅಪ್ಪ ನಗುವುದನ್ನು ನಿಲ್ಲಿಸಿದರು. ನಾನೂ ನಗಲಿಲ್ಲ. ಬ್ರೆಂಟ್ ಮಾಡಿದ ಒಂದೊಂದು ತಪ್ಪಿಗೂ ಅವನೇ ಬೆಲೆ ಕಟ್ಟಿದ. ಕ್ರಿಸ್‌ಮಸ್ ಕಂತುಗಳಲ್ಲಿ ಅವನು ಸ್ವಲ್ಪ ಮನುಷ್ಯನಾಗುತ್ತಾನೆ, ಅದೂ ಅಷ್ಟೆಲ್ಲ ಕಳೆದುಕೊಂಡ ಮೇಲೆ. 2016ರಲ್ಲಿ ಬ್ರೆಂಟ್‌ನನ್ನು ಮತ್ತೆ ಸಿನಿಮಾಗೆ ಕರೆತಂದರು. ಅದು ಬೇಕಿರಲಿಲ್ಲ.

ಅದರಲ್ಲಿ ನನಗಿದ್ದ ತೊಂದರೆ ಒಂದೇ. ಹದಿನಾಲ್ಕು ರಾತ್ರಿಗೆ ಮುಗಿದುಹೋಯಿತು.

ಇನ್ನು ಅಮೆರಿಕದ್ದು. 2005ರ ಮಾರ್ಚ್‌ನಲ್ಲಿ ಎನ್‌ಬಿಸಿಯಲ್ಲಿ ಶುರು, 2013ರ ಮೇ ತಿಂಗಳಲ್ಲಿ ಮುಕ್ತಾಯ. ಒಂಬತ್ತು ಸೀಸನ್, 201 ಕಂತು. ಪೆನ್ಸಿಲ್ವೇನಿಯಾದ ಸ್ಕ್ರಾಂಟನ್ ಊರಿನ ಪೇಪರ್ ಕಂಪನಿ, ಮ್ಯಾನೇಜರ್ ಮೈಕಲ್ ಸ್ಕಾಟ್. ಮೊದಲ ಕಂತಂತೂ ಹೆಚ್ಚು ಕಡಿಮೆ ಬ್ರಿಟನ್ನಿನದ್ದರ ನಕಲು. ಆರು ಕಂತುಗಳ ಮೊದಲ ಸೀಸನ್‌ನಲ್ಲಿ ಮೈಕಲ್ ಪಾತ್ರ ಮಾಡಿದ ಸ್ಟೀವ್ ಕರೆಲ್ ಕೂದಲನ್ನು ಹಿಂದಕ್ಕೆ ಮೆತ್ತಿ ಬಾಚಿಕೊಂಡು, ಬ್ರೆಂಟ್‌ನ ಹಾಗೇ ಒರಟಾಗಿ ಕಾಣುತ್ತಾರೆ. ಎರಡನೇ ಸೀಸನ್‌ಗೆ ಕೂದಲೂ ಬದಲಾಯಿತು, ಮನಸ್ಸೂ ಬದಲಾಯಿತು. ಮೈಕಲ್ ನಿಜಕ್ಕೂ ಒಳ್ಳೆಯ ಸೇಲ್ಸ್‌ಮನ್, ಒಂಟಿ, ಪ್ರೀತಿಗೆ ಹಸಿದವನು ಅಂತ ತೋರಿಸತೊಡಗಿದರು. ಅದು ಸರಿಯಾದ ನಿರ್ಧಾರ. ವರ್ಷಕ್ಕೆ ಇಪ್ಪತ್ತು ಇಪ್ಪತ್ತೈದು ಕಂತು ಬ್ರೆಂಟ್‌ನಂಥವನನ್ನು ಯಾರು ಸಹಿಸುತ್ತಾರೆ? ಎರಡರಿಂದ ಐದನೇ ಸೀಸನ್‌ವರೆಗಿನ ಕಾಮಿಡಿಯ ಬಗ್ಗೆ ನನ್ನದು ಒಂದು ದೂರೂ ಇಲ್ಲ. ನಾಲ್ಕನೇ ಸೀಸನ್‌ನ 'ಡಿನ್ನರ್ ಪಾರ್ಟಿ' ಕಂತನ್ನು ಎರಡು ಸಲ ನೋಡಿದ್ದೇವೆ.

ಆದರೆ ಹೀರೋನನ್ನು ಮೃದು ಮಾಡಿದರೆ ಮುಜುಗರವನ್ನು ಯಾರ ತಲೆಗಾದರೂ ಕಟ್ಟಬೇಕಲ್ವಾ? ಆರನೇ ಸೀಸನ್‌ನ 'ಸ್ಕಾಟ್ಸ್ ಟಾಟ್ಸ್' ಕಂತು ನೋಡಿ. ಹತ್ತು ವರ್ಷದ ಹಿಂದೆ ಮೂರನೇ ಕ್ಲಾಸಿನ ಮಕ್ಕಳಿಗೆ ಮೈಕಲ್ ಮಾತು ಕೊಟ್ಟಿರುತ್ತಾನೆ, ನಿಮ್ಮ ಕಾಲೇಜಿನ ಫೀಸು ನನ್ನದು ಅಂತ. ಈಗ ಅವನ ಹತ್ತಿರ ದುಡ್ಡಿಲ್ಲ. ಮಕ್ಕಳು ಅವನಿಗಾಗಿ ಹಾಡಿ ಕುಣಿಯುತ್ತಾರೆ. ಅವನು ಕೊಡುವುದು ಲ್ಯಾಪ್‌ಟಾಪ್‌ನ ಬ್ಯಾಟರಿ. ಅಪ್ಪ ಅರ್ಧದಲ್ಲೇ ಎದ್ದು ಹೋದರು. "ಮಕ್ಕಳ ಫೀಸಿನ ವಿಷಯದಲ್ಲಿ ತಮಾಷೆ ಬೇಡಮ್ಮ" ಅಂದರು. ನಾನು ಕೂತು ಪೂರ್ತಿ ನೋಡಿದೆ. ಅಷ್ಟೆಲ್ಲ ಆದ ಮೇಲೆ ಕಾರಿನಲ್ಲಿ ಆಫೀಸಿನ ರಿಸೆಪ್ಷನಿಸ್ಟ್ ಎರಿನ್ ಅವನಿಗೆ ಸಮಾಧಾನ ಹೇಳುತ್ತಾಳೆ, ನಿಮ್ಮ ಮಾತು ನಂಬಿಕೊಂಡೇ ಆ ಮಕ್ಕಳು ಚೆನ್ನಾಗಿ ಓದಿದರು ಅಂತ. ಅಲ್ಲಿಗೆ ಅವನ ಭಾರ ಇಳಿಯಿತು. ಆ ಮಕ್ಕಳದ್ದು? ಬ್ರೆಂಟ್‌ಗೆ ಹೀಗೆ ಸಮಾಧಾನ ಹೇಳುವವರು ಯಾರೂ ಇರಲಿಲ್ಲ.

ಮೈಕಲ್‌ನಿಂದ ಇಳಿದ ಭಾರವನ್ನು ಹೊತ್ತವರು ಸುತ್ತಲಿನವರು. ಕೆವಿನ್‌ನನ್ನು ನೋಡಿ. ಶುರುವಿನಲ್ಲಿ ನಿಧಾನದ, ಕಡಿಮೆ ಮಾತಿನ ಅಕೌಂಟೆಂಟ್. ಜೂಜಿನ ಹುಚ್ಚಿದೆ, ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸುತ್ತಾನೆ, ಆಗಾಗ ಚುಚ್ಚುವ ಮಾತು ಆಡುತ್ತಾನೆ. ಕೊನೆಯ ಸೀಸನ್‌ಗಳಲ್ಲಿ ಅವನನ್ನು ಬರೀ ದಡ್ಡನನ್ನಾಗಿ ಮಾಡಿಬಿಟ್ಟರು. ಇಷ್ಟು ವರ್ಷ ಲೆಕ್ಕ ಬರೆದವನು ಇವನೇನಾ ಅನ್ನಿಸುತ್ತದೆ. 34 ವರ್ಷ ಲೆಜರ್ ನೋಡಿದ ಅಪ್ಪನಿಗೆ ಇದು ಬಹಳ ಬೇಸರ ತಂದಿತು.

ನನಗೆ ನಿಜವಾಗಿ ಕಷ್ಟವಾಗಿದ್ದು ಆ್ಯಂಡಿಯದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಆ್ಯಂಡಿ ಬರ್ನಾರ್ಡ್ ಬರುವುದು ಮೂರನೇ ಸೀಸನ್‌ನಲ್ಲಿ. ಎಡ್ ಹೆಲ್ಮ್ಸ್ ಮಾಡಿದ ಪಾತ್ರ. ಬಾಸ್‌ಗೆ ಬೆಣ್ಣೆ ಹಚ್ಚುವವನು, ಕಾಲೇಜಿನ ಹೆಸರು ಹೇಳಿಕೊಂಡು ಮೆರೆಯುವವನು, ಮೂಗಿನ ತುದಿಯಲ್ಲೇ ಸಿಟ್ಟು. ಗೋಡೆಗೆ ಗುದ್ದಿ, ಸಿಟ್ಟು ಹಿಡಿತಕ್ಕೆ ತರುವ ತರಬೇತಿಗೆ ಹೋಗಿ ಬರುತ್ತಾನೆ. ಆಮೇಲೆ ನಿಧಾನಕ್ಕೆ ಮೆತ್ತಗಾಗುತ್ತಾನೆ. ಅದೇ ಆಫೀಸಿನ ಆ್ಯಂಜೆಲಾಳನ್ನು ನಂಬಿ ಮೋಸಹೋಗುತ್ತಾನೆ, ಎರಿನ್ ಮುಂದೆ ತೊದಲುತ್ತಾನೆ. ಇಲ್ಲಿಯವರೆಗೆ ಒಪ್ಪುವಂಥ ಬದಲಾವಣೆ. ಏಳನೇ ಸೀಸನ್ ಹೊತ್ತಿಗೆ ಅವನು ನನಗೆ ತುಂಬಾ ಹತ್ತಿರದವನಾಗಿದ್ದ.

2011ರ ಏಪ್ರಿಲ್‌ನಲ್ಲಿ ಸ್ಟೀವ್ ಕರೆಲ್ ಬಿಟ್ಟುಹೋದರು. ಎಂಟನೇ ಸೀಸನ್‌ನಲ್ಲಿ ಮ್ಯಾನೇಜರ್ ಕುರ್ಚಿ ಆ್ಯಂಡಿಗೆ ಬಂತು. ಕುರ್ಚಿಯ ಜೊತೆ ಮೈಕಲ್‌ನ ಪೆದ್ದುತನವೂ ಬಂತು. ಎಲ್ಲರಿಗೂ ಬೇಕಾದವನಾಗುವ ಹಂಬಲ, ಸಲ್ಲದ ಹೊತ್ತಿನಲ್ಲಿ ಭಾಷಣ, ಎಲ್ಲ ಮೈಕಲ್‌ನದ್ದೇ. ಅದು ಆ್ಯಂಡಿಯ ಸ್ವಭಾವದಿಂದ ಹುಟ್ಟಿದ್ದಲ್ಲ. ಬೇರೆಯವರ ಅಳತೆಗೆ ಹೊಲಿದ ಅಂಗಿ ತೊಟ್ಟ ಹಾಗೆ ಕಾಣುತ್ತಿತ್ತು. ಅವನು ಎರಿನ್‌ಗಾಗಿ ಫ್ಲಾರಿಡಾಗೆ ಹೋಗಿ ಬರುವಷ್ಟರಲ್ಲಿ ನೆಲ್ಲಿ ಎಂಬಾಕೆ ಬಂದು ಅದೇ ಕುರ್ಚಿಯಲ್ಲಿ ಕೂತುಬಿಡುತ್ತಾಳೆ. ಯಾರೂ ಏಳಿಸುವುದಿಲ್ಲ. ಯಾವ ಆಫೀಸಿನಲ್ಲಿ ಹೀಗೆ ನಡೆಯುತ್ತದೆ? ಆಫೀಸು ನಿಜ ಅನ್ನಿಸಿದರೆ ತಾನೇ ಮುಜುಗರವೂ ನಿಜ ಅನ್ನಿಸುವುದು?

ಒಂಬತ್ತನೇ ಸೀಸನ್‌ನಲ್ಲಿ ಇನ್ನೂ ಕೆಟ್ಟಿತು. ಎಡ್ ಹೆಲ್ಮ್ಸ್ ಒಂದು ಸಿನಿಮಾಗೆ ಹೋಗಬೇಕಿತ್ತು. ಅದಕ್ಕೆ ಆ್ಯಂಡಿಯನ್ನು ದೋಣಿ ಹತ್ತಿಸಿ ಕಳಿಸಿದರು. ತಿಂಗಳುಗಟ್ಟಲೆ ಎರಿನ್‌ಗೆ ಸರಿಯಾಗಿ ಒಂದು ಮಾತಿಲ್ಲ. ವಾಪಸ್ ಬಂದವನು ಬೇರೆಯೇ ಮನುಷ್ಯ, ಕಲ್ಲುಮನಸ್ಸಿನವನು. ನಟನ ಡೇಟ್ಸ್ ಸಮಸ್ಯೆಗೆ ಪಾತ್ರ ದಂಡ ಕಟ್ಟಿತು. ಆರು ವರ್ಷ ಕಾದು ಕಟ್ಟಿದ ಮನುಷ್ಯನನ್ನು ಕೆಲವೇ ಕಂತುಗಳಲ್ಲಿ ಕೆಡವಿದ್ದನ್ನು ನೋಡಿ ನನಗೆ ನಿಜವಾಗಲೂ ಸಿಟ್ಟು ಬಂತು. ಇದೇ ಎರಡು ಸೀಸನ್ ಮುಗಿಸಲು ನಮಗೆ ನಾಲ್ಕು ತಿಂಗಳು ಹಿಡಿಯಿತು. ದಿನಾ ನೋಡುವವರು ವಾರಕ್ಕೆ ಮೂರು ದಿನಕ್ಕೆ ಇಳಿದೆವು. "ಇವತ್ತು ಬೇಡ, ವಾರ್ತೆ ಹಾಕು" ಅಂತ ಅಪ್ಪನೇ ಹೇಳುತ್ತಿದ್ದರು.

ಕೊನೆಯ ಕಂತು ಚೆನ್ನಾಗಿದೆ. ಅದಕ್ಕಾಗಿ ಅಲ್ಲಿಯವರೆಗೆ ಹೋಗಬೇಕಾ ಅಂದರೆ, ಬೇಡ.

ಈಗ 'ಕರ್ಬ್'. ಎಚ್‌ಬಿಒದಲ್ಲಿ 2000ರ ಅಕ್ಟೋಬರ್‌ನಲ್ಲಿ ಶುರುವಾಗಿ 2024ರ ಏಪ್ರಿಲ್‌ನಲ್ಲಿ ಮುಗಿಯಿತು. ಹತ್ತು ಹತ್ತು ಕಂತುಗಳ ಹನ್ನೆರಡು ಸೀಸನ್, ಒಟ್ಟು 120. ಲ್ಯಾರಿ ಡೇವಿಡ್ ತಮ್ಮ ಹೆಸರಿನ ಪಾತ್ರವನ್ನೇ ಮಾಡುತ್ತಾರೆ. 'ಸೈನ್‌ಫೆಲ್ಡ್' ಎಂಬ ಹೆಸರಾದ ಕಾಮಿಡಿ ಧಾರಾವಾಹಿ ಬರೆದು ಕೈತುಂಬ ದುಡ್ಡು ಮಾಡಿಕೊಂಡು ಲಾಸ್ ಏಂಜಲಿಸ್‌ನಲ್ಲಿ ಆರಾಮಾಗಿರುವ ಮನುಷ್ಯ. ಸಂಭಾಷಣೆ ಬರೆದಿಟ್ಟುಕೊಳ್ಳುವುದಿಲ್ಲ. ಕಥೆಯ ಹಂದರ ಮಾತ್ರ ಇರುತ್ತದೆ, ಮಾತು ನಟರೇ ಕಟ್ಟುತ್ತಾರೆ.

ಲ್ಯಾರಿಯ ಜಗಳಗಳೆಲ್ಲ ಚಿಕ್ಕಚಿಕ್ಕ ನಿಯಮಗಳ ಮೇಲೆ. ಐಸ್‌ಕ್ರೀಂ ಅಂಗಡಿಯಲ್ಲಿ ರುಚಿ ನೋಡುತ್ತಾ ನೋಡುತ್ತಾ ಹಿಂದಿನವರನ್ನು ಕಾಯಿಸುವವರು ಅವನಿಗೆ ಆಗುವುದಿಲ್ಲ. ಸಾಲಿನ ಮುಂದಿರುವವರ ಜೊತೆ ಪರಿಚಯದ ಮಾತು ತೆಗೆದು ನಡುವೆ ನುಸುಳುವವರೂ ಆಗುವುದಿಲ್ಲ. "ನಮ್ಮ ಛತ್ರದ ಬಫೆಯಲ್ಲೂ ಇದೇ ಕಥೆ, ಕೇಳೋರಿಲ್ಲ ಅಷ್ಟೇ" ಅಂದರು ಅಪ್ಪ. ಲ್ಯಾರಿ ಕೇಳುತ್ತಾನೆ. ಕೇಳಿ ತಾನೇ ಕೆಟ್ಟವನಾಗುತ್ತಾನೆ. ಧಾರಾವಾಹಿ ಶುರುವಾದಾಗ ಲ್ಯಾರಿ ಡೇವಿಡ್ ಅವರಿಗೆ 53 ವರ್ಷ, ಮುಗಿದಾಗ 76. ಅಷ್ಟು ವರ್ಷವೂ ಮುಜುಗರ ಬಂದು ಬೀಳುವುದು ಅವನ ಮೇಲೇ. ಯಾವ ಎರಿನ್ ಕೂಡ ಕಾರಿನಲ್ಲಿ ಕೂತು ಅದನ್ನು ಒರೆಸುವುದಿಲ್ಲ.

ಹಾಗಂತ 'ಕರ್ಬ್' ಬದಲಾಗಿಲ್ಲ ಅಂತಲ್ಲ. ಮೊದಲ ಐದು ಸೀಸನ್‌ನಲ್ಲಿ ಹೆಂಡತಿ ಶೆರಿಲ್ ಇರುತ್ತಾಳೆ. ಎಲ್ಲಿ ನಿಲ್ಲಿಸಬೇಕು ಅಂತ ಅವಳ ಮುಖ ನೋಡಿದರೆ ಗೊತ್ತಾಗುತ್ತದೆ. ಆರನೇ ಸೀಸನ್‌ನಲ್ಲಿ ಅವಳು ಬಿಟ್ಟುಹೋಗುತ್ತಾಳೆ. ಅದೇ ಸೀಸನ್‌ನಲ್ಲಿ ಲಿಯೋನ್ ಎಂಬವನು ಮನೆಗೆ ಬಂದು ಉಳಿದುಕೊಳ್ಳುತ್ತಾನೆ. ಶೆರಿಲ್ ತಡೆಯುತ್ತಿದ್ದಳು, ಲಿಯೋನ್ ಇನ್ನಷ್ಟು ಹುರಿದುಂಬಿಸುತ್ತಾನೆ. ಮನೆಯೊಳಗೆ ಬೇಡ ಅನ್ನುವವರು ಇಲ್ಲದ ಮೇಲೆ ಲ್ಯಾರಿಯ ದನಿ ಏರಿತು. ಮೊದಲು ಗೊತ್ತಿಲ್ಲದೆ ಸಿಕ್ಕಿಹಾಕಿಕೊಳ್ಳುತ್ತಿದ್ದವನು ಆಮೇಲೆ ಬೇಕಂತಲೇ ನುಗ್ಗುತ್ತಾನೆ. ನನಗೆ ಮೊದಲಿನ ಲ್ಯಾರಿ ಜಾಸ್ತಿ ಇಷ್ಟ. ಆದರೂ ಈ ಬದಲಾವಣೆಗೆ ಕಥೆಯಲ್ಲೇ ಕಾರಣವಿದೆ. ಆ್ಯಂಡಿಗೆ ಆ ಕಾರಣ ಇರಲಿಲ್ಲ.

2011ರ ಎಂಟನೇ ಸೀಸನ್ ಆದ ಮೇಲೆ ಮುಂದಿನದು ಬಂದಿದ್ದು 2017ರಲ್ಲಿ. ಹೇಳಲು ಏನಾದರೂ ಇದ್ದಾಗ ಬಂದರು, ಇಲ್ಲದಾಗ ಸುಮ್ನೆ ಇದ್ದರು. ಅಮೆರಿಕದ 'ಆಫೀಸ್'ಗೆ ಆ ಬಿಡುವು ಸಿಗಲಿಲ್ಲ. ಎಂಟು ವರ್ಷದಲ್ಲಿ 201 ಕಂತು ಅವರು ಮಾಡಿದರೆ, ಇವರು 24 ವರ್ಷದಲ್ಲಿ 120 ಮಾಡಿದರು. 2017ರಲ್ಲಿ ಬಂದ 'ಕರ್ಬ್'ನ ಒಂಬತ್ತನೇ ಸೀಸನ್ ಮಾತ್ರ ಸಡಿಲ, ಕೂಗಾಟ ಜಾಸ್ತಿ. ಹತ್ತರಲ್ಲಿ ಹಳೆಯ ಹಿಡಿತ ಸಿಕ್ಕಿತು. ಪಕ್ಕದ ಕಾಫಿ ಅಂಗಡಿಯವನ ಮೇಲಿನ ಸಿಟ್ಟಿಗೆ ಲ್ಯಾರಿ ತಾನೂ ಒಂದು ಕಾಫಿ ಅಂಗಡಿ ತೆರೆಯುವ ಸೀಸನ್ ಅದು.

ಒಂದು ಅನನುಕೂಲ ಇದೆ. ಅಪ್ಪನಿಗೆ ಸಬ್‌ಟೈಟಲ್ ಬೇಕು. ಎಲ್ಲರೂ ಒಬ್ಬರ ಮೇಲೊಬ್ಬರು ಮಾತಾಡುವುದರಿಂದ ಓದಿ ಮುಗಿಸುವಷ್ಟರಲ್ಲಿ ಸಾಲು ಹೋಗಿರುತ್ತದೆ. ಮೂರು ನಾಲ್ಕು ಸಲ ನಿಲ್ಲಿಸಿ ಹಿಂದೆ ಹೋಗಬೇಕಾಗುತ್ತದೆ. ಬೈಗುಳಗಳೂ ಹೇರಳ. ಮಕ್ಕಳ ಜೊತೆ ನೋಡುವಂಥದ್ದಲ್ಲ.

ದುಡ್ಡಿನ ಮಾತಿಗೆ ಬಂದರೆ, ದಿನಕ್ಕೊಂದು ಕಂತಿನಂತೆ ಬ್ರಿಟನ್ನಿನದು ಎರಡು ವಾರ, 'ಕರ್ಬ್' ನಾಲ್ಕು ತಿಂಗಳು, ಅಮೆರಿಕದ್ದು ಆರೂವರೆ ತಿಂಗಳು. 'ಕರ್ಬ್'ಗೆ ನಾನು ವರ್ಷದ ಚಂದಾ ಕಟ್ಟಲಿಲ್ಲ. ಒಂದೊಂದೇ ತಿಂಗಳು ಕಟ್ಟಿದೆ. ತಿಂಗಳಿಗೆ ಸರಿಯಾಗಿ ಮೂರು ಸೀಸನ್ ಮುಗಿಯುತ್ತದೆ. ಬೇಡ ಅನ್ನಿಸಿದರೆ ಅಲ್ಲಿಗೇ ನಿಲ್ಲಿಸಬಹುದು, ಮನಸ್ಸಿಗೂ ಭಾರವಿಲ್ಲ. ಒಂದು ಸೀಸನ್‌ಗೆ ಒಂದು ಕಥೆ, ಅದು ಅಲ್ಲೇ ಮುಗಿಯುತ್ತದೆ. ನನ್ನಂತೆ ಅರ್ಧಕ್ಕೆ ಬಿಡಲಾರದವರಿಗೆ ಇದು ದೊಡ್ಡ ಅನುಕೂಲ. ಅಮೆರಿಕದ 'ಆಫೀಸ್' ನೋಡುವವರು ಮೈಕಲ್ ವಿಮಾನ ಹತ್ತುವ ಕಂತಿಗೆ ನಿಲ್ಲಿಸಿ. ಆಫೀಸಿನಲ್ಲಿ ಕೆಲಸ ಮಾಡುವವರು ಬ್ರಿಟನ್ನಿನದನ್ನು ಒಂದು ಸಲ ನೋಡಲೇಬೇಕು.

'ಕರ್ಬ್'ನ ಮೊದಲ ಕಂತುಗಳು ಹಿಡಿಸದಿದ್ದರೆ ಮೂರನೇ ಸೀಸನ್‌ನಿಂದ ಶುರು ಮಾಡಿ. ಲ್ಯಾರಿ ಗೆಳೆಯರ ಜೊತೆ ಸೇರಿ ಹೋಟೆಲ್ ತೆರೆಯುತ್ತಾನೆ. ಅಡುಗೆಯವನಿಗೆ ಟುರೆಟ್ ಕಾಯಿಲೆ, ತಡೆದುಕೊಳ್ಳಲಾಗದೆ ಬೈಗುಳ ಹೊರಬೀಳುತ್ತದೆ. ಉದ್ಘಾಟನೆಯ ದಿನ, ಜನ ತುಂಬಿರುವಾಗ, ಅವನು ಜೋರಾಗಿ ಬೈಯುತ್ತಾನೆ. ಇಡೀ ಹೋಟೆಲ್ ಗಪ್‌ಚಿಪ್. ಆಗ ಲ್ಯಾರಿ ತಾನೂ ನಿಂತು ಬೈಯಲು ಶುರು ಮಾಡುತ್ತಾನೆ, ಅವನೊಬ್ಬನೇ ಎಲ್ಲರ ಕಣ್ಣಿಗೆ ಬೀಳಬಾರದು ಅಂತ. ಒಬ್ಬೊಬ್ಬರಾಗಿ ಎಲ್ಲರೂ ಸೇರಿಕೊಳ್ಳುತ್ತಾರೆ. ಅಪ್ಪನ ಬಾಯಲ್ಲಿ ಒಂದು ಕೆಟ್ಟ ಮಾತು ನಾನು ಇವತ್ತಿನವರೆಗೆ ಕೇಳಿಲ್ಲ. ಆ ರಾತ್ರಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ಮಾತ್ರೆ ತೆಗೆದುಕೊಳ್ಳುವ ಮೊದಲು "ಇನ್ನೊಂದು ಹಾಕಮ್ಮಾ" ಅಂದರು. ನಮ್ಮ ಮನೆಯಲ್ಲಿ ಎರಡನೇ ಕಂತು ಓಡಿದ್ದು ಅದೊಂದೇ ರಾತ್ರಿ.